ಒಳಕವಚದ ಎಲೆಕ್ಟ್ರಾನೂ ಕ್ಯಾಮೆರಾದ ಉಪಮೆಯೂ

2023ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಿಯರ್ ಅಗೊಸ್ತಿನಿ, ಫೆರೆಂಕ್ ಕ್ರೌಸ್ ಮತ್ತು ಆನ್ ಲುಯಿಲಿಯೆ ಅವರಿಗೆ ಸಂದಿತು. ಆಟೊಸೆಕೆಂಡ್ ಅವಧಿಯ ಬೆಳಕಿನ ಮಿಡಿತಗಳನ್ನು ಉಂಟುಮಾಡುವ ಪ್ರಾಯೋಗಿಕ ವಿಧಾನಗಳಿಗೆ ದೊರೆತ ಮನ್ನಣೆ ಅದು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಆಟೊಸೆಕೆಂಡ್. ಅಂದಿನಿಂದ ಪತ್ರಿಕೆಗಳಲ್ಲೂ ಉಪನ್ಯಾಸಗಳಲ್ಲೂ ಒಂದು ಉಪಮೆ ಬೇರೂರಿದೆ: ಇದು ಎಲೆಕ್ಟ್ರಾನಿನ ಚಲನೆಯನ್ನು ಸೆರೆಹಿಡಿಯುವ ಕ್ಯಾಮೆರಾ. ನೊಬೆಲ್ ಸಂಸ್ಥೆ ಜನಸಾಮಾನ್ಯರಿಗಾಗಿ ಹೊರತಂದ ವಿವರಣೆಯೂ ಸೆಕೆಂಡಿಗೆ 80 ಬಾರಿ ರೆಕ್ಕೆ ಬಡಿಯುವ ಹಮ್ಮಿಂಗ್ ಹಕ್ಕಿಯಿಂದಲೇ ಆರಂಭವಾಗುತ್ತದೆ. ಹಕ್ಕಿಯ ರೆಕ್ಕೆ ಮಸುಕಾಗದಂತೆ ಕಾಣಬೇಕಾದರೆ ಕ್ಯಾಮೆರಾದ ಕಿಂಡಿ ಅದಕ್ಕಿಂತ ಬೇಗ ತೆರೆದು ಮುಚ್ಚಬೇಕು. ಎಲೆಕ್ಟ್ರಾನಿಗಾದರೆ ಆಟೊಸೆಕೆಂಡುಗಳಲ್ಲಿ ತೆರೆದು ಮುಚ್ಚಬೇಕು ಎಂಬುದು ಅದರ ತಾತ್ಪರ್ಯ.

ಮೊದಲ ಪರಿಚಯಕ್ಕೆ ಈ ಮಾತು ಸಾಕು. ಆದರೆ ಪದವಿಪೂರ್ವ ತರಗತಿಯ ಜಾಣ ವಿದ್ಯಾರ್ಥಿಯೊಬ್ಬ ಇಷ್ಟಕ್ಕೇ ಸುಮ್ಮನಾಗುವುದಿಲ್ಲ. 'ಹಾಗಾದರೆ ಎಲೆಕ್ಟ್ರಾನ್ ಎಲ್ಲಿದೆ, ಎತ್ತ ಹೋಗುತ್ತಿದೆ ಎಂದು ಕಂಡಂತಾಯಿತಲ್ಲ. ಅನಿಶ್ಚಿತತಾ ತತ್ತ್ವದ ಗತಿಯೇನು?' ಎಂದು ಅವನು ಕೇಳಿಯೇ ಕೇಳುತ್ತಾನೆ. ಉಪಮೆಯನ್ನು ನಂಬಿ ಪಾಠ ಮಾಡಿದ ಅಧ್ಯಾಪಕರ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ಬೋರ್ ಮಾದರಿಯ ಗ್ರಹದಂಥ ಎಲೆಕ್ಟ್ರಾನನ್ನು ಕಷ್ಟಪಟ್ಟು ಹೊರಗೆ ಕಳಿಸಿದ್ದೆವು. ಕ್ಯಾಮೆರಾ ಅದನ್ನು ಹಿಂಬಾಗಿಲಿನಿಂದ ಒಳಗೆ ಕರೆತರುತ್ತಿದೆ. ಈ ಪ್ರಯೋಗಗಳು ನಿಜವಾಗಿ ಅಳೆದದ್ದೇನು ಎಂದು ನೋಡಲು ಪರಮಾಣುವಿನ ಒಳಕವಚಗಳ ಮೇಲಿನ ಕೆಲಸ ಒಳ್ಳೆಯ ಜಾಗ. ಏಕೆಂದರೆ ಅಲ್ಲಿ ಹಳೆಯ ವಿಧಾನದ ಉತ್ತರಗಳು ಮೊದಲೇ ಇದ್ದವು. ಹೊಸ ವಿಧಾನದ ಮಾತನ್ನು ಅವುಗಳ ಪಕ್ಕದಲ್ಲಿಟ್ಟು ತೂಗಬಹುದು.

ಲೇಸರ್ ಒಳಕವಚಕ್ಕೆ ಹೇಗೆ ತಲುಪೀತು?

ಪ್ರಯೋಗಶಾಲೆಯ ಅತಿ ವೇಗದ ಲೇಸರುಗಳು ಸಾಮಾನ್ಯವಾಗಿ 800 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕನ್ನು ಕೊಡುತ್ತವೆ. ಅದರ ಒಂದು ಫೋಟಾನಿನ ಶಕ್ತಿ ಸುಮಾರು 1.55 ಎಲೆಕ್ಟ್ರಾನ್ ವೋಲ್ಟ್. ಕ್ರಿಪ್ಟಾನ್ ಪರಮಾಣುವಿನ 3ಡಿ ಉಪಕವಚದಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 94 ಎಲೆಕ್ಟ್ರಾನ್ ವೋಲ್ಟ್ ಬೇಕು. ನಿಯಾನಿನ ಕೆ-ಕವಚಕ್ಕಾದರೆ 870. ಅಷ್ಟೇ ಅಲ್ಲ, 800 ನ್ಯಾನೊಮೀಟರ್ ಬೆಳಕಿನ ಒಂದು ಆವರ್ತಕ್ಕೇ 2.7 ಫೆಮ್ಟೊಸೆಕೆಂಡ್, ಅಂದರೆ 2700 ಆಟೊಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಮೊಟಕಾದ ಮಿಡಿತವನ್ನು ಆ ಬೆಳಕಿನಿಂದಲೇ ಕಡೆಯಲು ಆಗುವುದಿಲ್ಲ.

ದಾರಿ ಸಿಕ್ಕಿದ್ದು 1987ರಲ್ಲಿ. ಫ್ರಾನ್ಸಿನ ಸಾಕ್ಲೆಯಲ್ಲಿ ಲುಯಿಲಿಯೆ ಮತ್ತು ಅವರ ಸಹೋದ್ಯೋಗಿಗಳು ತೀವ್ರವಾದ ಅವಕೆಂಪು ಲೇಸರನ್ನು ಆರ್ಗಾನ್‌ನಂಥ ಜಡ ಅನಿಲಗಳ ಮೂಲಕ ಹಾಯಿಸಿದಾಗ ಮೂಲ ಆವೃತ್ತಿಯ ಬೆಸಸಂಖ್ಯೆಯ ಗುಣಕಗಳು, ಅಂದರೆ ಹಾರ್ಮಾನಿಕ್‌ಗಳು, ದೂರದವರೆಗೆ ಬಲ ಕುಂದದೆ ಬಂದವು. ಚದರ ಸೆಂಟಿಮೀಟರಿಗೆ ಒಂದು ಕೋಟಿ ಕೋಟಿ ವ್ಯಾಟ್ ತೀವ್ರತೆಯಲ್ಲಿ ಲೇಸರಿನ ವಿದ್ಯುತ್ ಕ್ಷೇತ್ರ ಹೊರಕವಚದ ಎಲೆಕ್ಟ್ರಾನನ್ನು ಎಳೆದು, ಮತ್ತೆ ತನ್ನ ಪರಮಾಣುವಿಗೇ ಅಪ್ಪಳಿಸುವಂತೆ ಮಾಡುತ್ತದೆ. ಆ ಕ್ಷಣದಲ್ಲಿ ಗಳಿಸಿದ ಶಕ್ತಿ ತೀವ್ರ ಅತಿನೇರಳೆ ಬೆಳಕಾಗಿ ಹೊರಬೀಳುತ್ತದೆ. ಇದು ಲೇಸರಿನ ಪ್ರತಿ ಅರ್ಧ ಆವರ್ತಕ್ಕೊಮ್ಮೆ, ಅತಿ ಕಿರು ಅವಧಿಯಲ್ಲಿ ನಡೆಯುತ್ತದೆ. 2001ರಲ್ಲಿ ಅಗೊಸ್ತಿನಿಯವರ ತಂಡ ತಲಾ 250 ಆಟೊಸೆಕೆಂಡಿನ ಮಿಡಿತಗಳ ಸರಣಿಯನ್ನು ಅಳೆದು ತೋರಿಸಿತು. ಅದೇ ವರ್ಷ ವಿಯೆನ್ನಾದಲ್ಲಿ ಕ್ರೌಸ್ ತಂಡ 650 ಆಟೊಸೆಕೆಂಡಿನ ಒಂಟಿ ಮಿಡಿತವನ್ನು ಬೇರ್ಪಡಿಸಿತು.

ಇಲ್ಲೇ ಒಂದು ವಿಷಯವನ್ನು ಗಮನಿಸಬೇಕು. ಕ್ಯಾಮೆರಾ ಎನ್ನುವವರು ಇದನ್ನು ಹೇಳುವುದು ಕಡಿಮೆ. ಹಾರ್ಮಾನಿಕ್ ಬೆಳಕು ಬಹಳ ದುರ್ಬಲ. ಲೇಸರ್ ಶಕ್ತಿಯ ಹತ್ತು ಲಕ್ಷದಲ್ಲೊಂದು ಪಾಲು ಬಂದರೆ ಅದೇ ದೊಡ್ಡದು ಎನ್ನುವ ಪರಿಸ್ಥಿತಿ. ಆದ್ದರಿಂದ ಒಂದು ಆಟೊಸೆಕೆಂಡ್ ಮಿಡಿತದಿಂದ ಪರಮಾಣುವನ್ನು ಕೆಣಕಿ, ಇನ್ನೊಂದರಿಂದ ಅದನ್ನು ನೋಡುವುದು ಆರಂಭದ ವರ್ಷಗಳಲ್ಲಿ ಸಾಧ್ಯವಿರಲಿಲ್ಲ, ಈಗಲೂ ಸುಲಭವಲ್ಲ. ಹೆಚ್ಚಿನ ಪ್ರಯೋಗಗಳಲ್ಲಿ ಎರಡು ಬೆಳಕುಗಳ ಪೈಕಿ ಒಂದು ಆ ಮೂಲ ಅವಕೆಂಪು ಲೇಸರೇ. ಅದರ ಅಲೆಯ ಏರಿಳಿತವೇ ಗಡಿಯಾರದ ಮುಳ್ಳು. ಆ ಮುಳ್ಳು ಎಲೆಕ್ಟ್ರಾನನ್ನು ದೂರದಿಂದ ನೋಡುವುದಿಲ್ಲ. ಮುಟ್ಟಿ ತಳ್ಳಿಯೇ ಕಾಲವನ್ನು ಹೇಳುತ್ತದೆ.

ಕ್ರಿಪ್ಟಾನಿನ 7.9 ಫೆಮ್ಟೊಸೆಕೆಂಡ್

ಒಳಕವಚದಲ್ಲಿ ಒಂದು ತೆರವು ಉಂಟಾದರೆ ಅದು ಹೆಚ್ಚು ಹೊತ್ತು ಉಳಿಯದು. ಮೇಲಿನ ಕವಚದ ಎಲೆಕ್ಟ್ರಾನೊಂದು ಕೆಳಗಿಳಿದು ಅದನ್ನು ತುಂಬುತ್ತದೆ. ಉಳಿದ ಶಕ್ತಿ ಒಂದೋ ಕ್ಷ-ಕಿರಣವಾಗಿ ಹೋಗುತ್ತದೆ, ಇಲ್ಲವೇ ಇನ್ನೊಂದು ಎಲೆಕ್ಟ್ರಾನನ್ನೇ ಹೊರಗೆ ದಬ್ಬುತ್ತದೆ. ಎರಡನೆಯದು ಓಜೆ ಪರಿಣಾಮ. ಲೀಸ ಮೈಟ್ನರ್ 1922ರಲ್ಲೂ ಪಿಯರ್ ಓಜೆ 1923ರಲ್ಲೂ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. ಹೆಸರು ಮಾತ್ರ ಒಬ್ಬರಿಗೆ ಉಳಿಯಿತು. ನಮ್ಮ ಪಾಠಗಳಲ್ಲಿ ಕ್ಷ-ಕಿರಣದ ರೇಖೆಗಳಿಗೆ ಸಿಗುವ ಜಾಗ ಓಜೆ ಎಲೆಕ್ಟ್ರಾನಿಗೆ ಸಿಗುವುದಿಲ್ಲ. ಆದರೆ ಹಗುರ ಧಾತುಗಳಲ್ಲಿ ನಡೆಯುವುದು ಬಹುಪಾಲು ಇದೇ. ನಿಯಾನಿನ ಕೆ-ಕವಚದ ತೆರವುಗಳಲ್ಲಿ ಕ್ಷ-ಕಿರಣ ಕೊಡುವವು ನೂರಕ್ಕೆ ಸುಮಾರು ಎರಡು ಮಾತ್ರ.

2002ರಲ್ಲಿ ಮಾರ್ಕುಸ್ ಡ್ರೆಷರ್, ಕ್ರೌಸ್ ಮತ್ತು ಅವರ ಸಂಗಡಿಗರು 97 ಎಲೆಕ್ಟ್ರಾನ್ ವೋಲ್ಟ್ ಫೋಟಾನುಗಳ, ಒಂದು ಫೆಮ್ಟೊಸೆಕೆಂಡಿಗಿಂತ ಕಿರಿದಾದ ಮಿಡಿತದಿಂದ ಕ್ರಿಪ್ಟಾನಿನ 3ಡಿ ಎಲೆಕ್ಟ್ರಾನನ್ನು ಕಿತ್ತರು. ತೆರವು ತುಂಬಿಕೊಳ್ಳುವಾಗ ಹೊರಬರುವ ಓಜೆ ಎಲೆಕ್ಟ್ರಾನು, ಆ ಹೊತ್ತಿಗೆ ಅವಕೆಂಪು ಲೇಸರಿನ ಕಿರು ಮಿಡಿತ ಅಲ್ಲಿ ಇದ್ದರೆ, ಲೇಸರಿನ ಫೋಟಾನನ್ನು ಹೀರಿ ಅಥವಾ ಬಿಟ್ಟುಕೊಟ್ಟು ತನ್ನ ಶಕ್ತಿಯನ್ನು ಬದಲಿಸಿಕೊಳ್ಳುತ್ತದೆ. ರೋಹಿತದಲ್ಲಿ ಮುಖ್ಯ ರೇಖೆಯ ಆಚೀಚೆ ಪಕ್ಕರೇಖೆಗಳು ಏಳುತ್ತವೆ. ಲೇಸರ್ ಮಿಡಿತವನ್ನು ತಡವಾಗಿಸುತ್ತ ಹೋದಂತೆ ಪಕ್ಕರೇಖೆಗಳು ಕುಗ್ಗುತ್ತವೆ. ಕುಗ್ಗುವ ವೇಗದಿಂದ ತೆರವಿನ ಸರಾಸರಿ ಆಯುಸ್ಸು 7.9 ಫೆಮ್ಟೊಸೆಕೆಂಡ್ ಎಂದು ಸಿಕ್ಕಿತು. ಅನಿಶ್ಚಿತತೆ ಸುಮಾರು ಒಂದು ಫೆಮ್ಟೊಸೆಕೆಂಡ್.

ಈಗ ಹಳೆಯ ಉತ್ತರವನ್ನು ನೋಡೋಣ. ತೆರವಿಗೆ ಆಯುಸ್ಸು ಇದೆಯೆಂದರೆ ಅದರ ಶಕ್ತಿ ಚೂಪಾಗಿರದು. ರೋಹಿತದ ರೇಖೆಗೆ ಅಗಲವಿರುತ್ತದೆ. ಆಯುಸ್ಸು ಮತ್ತು ಅಗಲಗಳ ಗುಣಲಬ್ಧ ಪ್ಲಾಂಕ್ ಸ್ಥಿರಾಂಕವನ್ನು ಎರಡು ಪೈನಿಂದ ಭಾಗಿಸಿದಷ್ಟು, ಅಂದರೆ 0.658 ಎಲೆಕ್ಟ್ರಾನ್ ವೋಲ್ಟ್-ಫೆಮ್ಟೊಸೆಕೆಂಡ್. ಕ್ರಿಪ್ಟಾನ್ 3ಡಿ ರೇಖೆಯ ಸಹಜ ಅಗಲ 0.088 ಎಲೆಕ್ಟ್ರಾನ್ ವೋಲ್ಟ್ ಎಂದು ಸಿಂಕ್ರೊಟ್ರಾನ್ ಬೆಳಕಿನಿಂದ ಅದಕ್ಕೆ ಮೊದಲೇ ಅಳೆದಿದ್ದರು. 0.658ನ್ನು 0.088ರಿಂದ ಭಾಗಿಸಿ: 7.5 ಫೆಮ್ಟೊಸೆಕೆಂಡ್. ಹೊಸ ಅಳತೆಯ ಅನಿಶ್ಚಿತತೆಯೊಳಗೇ ಇದು ಕೂರುತ್ತದೆ. ಸಾಲದ್ದಕ್ಕೆ ಹೆಚ್ಚು ನಿಖರವೂ ಹೌದು. ಇದನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದಾದ ಲೆಕ್ಕ ಎಂದು ಬೇರೆ ಹೇಳಬೇಕಿಲ್ಲ.

ದೇವಸ್ಥಾನದ ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿದರೆ ಬಹಳ ಹೊತ್ತು ಮೊಳಗುತ್ತದೆ, ಅದರ ಸ್ವರವನ್ನು ಖಚಿತವಾಗಿ ಗುರುತಿಸಬಹುದು. ಮರದ ಹಲಗೆಯನ್ನು ತಟ್ಟಿದರೆ 'ಟಕ್' ಎಂದು ಮುಗಿಯುತ್ತದೆ, ಸ್ವರ ಇಂಥದೇ ಎನ್ನಲಾಗದು. ಎಷ್ಟು ಹೊತ್ತು ಮೊಳಗಿತು ಎಂಬುದನ್ನು ಗಡಿಯಾರ ಹಿಡಿದು ಅಳೆಯಬಹುದು, ಇಲ್ಲವೇ ಸ್ವರ ಎಷ್ಟು ಹರಡಿದೆ ಎಂಬುದರಿಂದ ತಿಳಿಯಬಹುದು. ನಾದ ಒಂದೇ ದರದಲ್ಲಿ ತಗ್ಗುವುದಾದರೆ ಈ ಎರಡೂ ಒಂದೇ ಮಾಹಿತಿ. 2002ರ ಪ್ರಯೋಗ ಗಡಿಯಾರ ಹಿಡಿದು ಅಳೆಯಿತು. ಗಡಿಯಾರ ಸರಿಯಾಗಿದೆ ಎಂದು ಅದು ತೋರಿಸಿಕೊಟ್ಟಿತು; ಅದು ಸಣ್ಣ ಸಾಧನೆಯಲ್ಲ. ಹೊಸ ತಕ್ಕಡಿಯನ್ನು ಗೊತ್ತಿರುವ ತೂಕದ ಕಲ್ಲಿನಿಂದಲೇ ಪರೀಕ್ಷಿಸಬೇಕು. ಆದರೆ ಒಳಕವಚದ ತೆರವಿನ ಆಯುಸ್ಸು ಆಗ ಮೊದಲ ಬಾರಿಗೆ ತಿಳಿಯಿತೆಂಬಂತೆ ಬರೆಯುವುದು ಸರಿಯಲ್ಲ. ದಶಕಗಳ ಕಾಲ ರೋಹಿತದ ಅಗಲವನ್ನು ತಾಳ್ಮೆಯಿಂದ ಅಳೆದವರ ಕೆಲಸ ಇದರಿಂದ ಮರೆಗೆ ಸರಿಯುತ್ತದೆ. ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನ್ ಮೂಲಗಳಲ್ಲಿ ಒಳಕವಚದ ರೋಹಿತಗಳನ್ನು ಅಳೆಯುವವರೂ ಆ ಪರಂಪರೆಯವರೇ.

ನಿಯಾನಿನ 21 ಆಟೊಸೆಕೆಂಡ್

ಗಡಿಯಾರ ಸರಿಯಿದೆ ಎಂದಾದ ಮೇಲೆ ಅದನ್ನು ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹಚ್ಚಿದರು. ಬೆಳಕು ಬಿದ್ದಾಗ ಎಲೆಕ್ಟ್ರಾನು ಪರಮಾಣುವಿನಿಂದ ತಕ್ಷಣ ಹೊರಡುತ್ತದೆಯೇ? ಬೇರೆಬೇರೆ ಉಪಕವಚಗಳಿಂದ ಹೊರಡುವ ಎಲೆಕ್ಟ್ರಾನುಗಳ ನಡುವೆ ತಡವಿದೆಯೇ? 2010ರಲ್ಲಿ ಜರ್ಮನಿಯ ಗಾರ್ಕಿಂಗಿನಿಂದ ಬಂದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಸುಮಾರು 106 ಎಲೆಕ್ಟ್ರಾನ್ ವೋಲ್ಟ್ ಫೋಟಾನುಗಳ, 200 ಆಟೊಸೆಕೆಂಡಿಗಿಂತ ಕಿರಿದಾದ ಒಂಟಿ ಮಿಡಿತವನ್ನು ನಿಯಾನ್ ಅನಿಲದ ಮೇಲೆ ಬಿಟ್ಟರೆ, 2ಪಿ ಎಲೆಕ್ಟ್ರಾನು 2ಎಸ್ ಎಲೆಕ್ಟ್ರಾನಿಗಿಂತ 21 ಆಟೊಸೆಕೆಂಡ್ ತಡವಾಗಿ ಹೊರಡುತ್ತದೆ, ಅನಿಶ್ಚಿತತೆ 5. (2ಎಸ್ ಕೂಡ ಎಲ್-ಕವಚದ್ದೇ. ಆದರೆ 48.5 ಎಲೆಕ್ಟ್ರಾನ್ ವೋಲ್ಟ್ ಬಂಧನವಿರುವುದರಿಂದ 21.6 ಇರುವ 2ಪಿಗಿಂತ ಬಹಳ ಆಳದ್ದು.) ಹೆಚ್ಚು ವೇಗದಲ್ಲಿ ಓಡುವ 2ಪಿ ಎಲೆಕ್ಟ್ರಾನೇ ತಡವಾಯಿತು ಎಂಬುದು ಮತ್ತೊಂದು ಸ್ವಾರಸ್ಯ.

'ದ್ಯುತಿವಿದ್ಯುತ್ ಪರಿಣಾಮ ತತ್‌ಕ್ಷಣದ್ದಲ್ಲ' ಎಂಬ ತಲೆಬರಹಕ್ಕೆ ಇಷ್ಟು ಸಾಕು. ಆದರೆ ಇಲ್ಲಿ ಎರಡು ಮಾತನ್ನು ಬಿಡಿಸಿ ಹೇಳಬೇಕಿತ್ತು. ಮೊದಲನೆಯದು, 21 ಎಂಬುದು ಎಲೆಕ್ಟ್ರಾನ್ ಹೊರಡಲು ಹಿಡಿದ ಕಾಲವಲ್ಲ. ಎರಡು ಎಲೆಕ್ಟ್ರಾನುಗಳ ನಡುವಿನ ವ್ಯತ್ಯಾಸ. ಓಟದ ಪಂದ್ಯದಲ್ಲಿ ಇಬ್ಬರು ಗುರಿ ಮುಟ್ಟಿದ ಅಂತರ ಗೊತ್ತಾಯಿತು, ಪಿಸ್ತೂಲಿನ ಸದ್ದು ಯಾರಿಗೂ ಕೇಳಿಸಲಿಲ್ಲ ಎನ್ನುವ ಹಾಗೆ. ಎರಡನೆಯದು ಇನ್ನೂ ಆಳದ್ದು. ಕ್ವಾಂಟಮ್ ಸಿದ್ಧಾಂತದಲ್ಲಿ ಈ 'ತಡ' ಎಂಬುದು ಹೊರಹೋಗುವ ಅಲೆಯ ಪ್ರಾವಸ್ಥೆ ಶಕ್ತಿಯೊಂದಿಗೆ ಬದಲಾಗುವ ದರ. ಯೂಜೀನ್ ವಿಗ್ನರ್ 1955ರಲ್ಲಿ ಚದುರುವಿಕೆಯ ಸಂದರ್ಭದಲ್ಲಿ ಕೊಟ್ಟ ಅರ್ಥವಿದು. ಜೊತೆಗೆ ಹೊರಡುವ ಎಲೆಕ್ಟ್ರಾನನ್ನು ಹಿಂದಕ್ಕೆ ಅಯಾನು ಎಳೆಯುತ್ತದೆ, ಅದೇ ಹೊತ್ತಿಗೆ ಗಡಿಯಾರದ ಲೇಸರೂ ಎಳೆಯುತ್ತದೆ. ಇವೆರಡರ ಕೂಡುಕೆಲಸದಿಂದ ಅಳತೆಯೇ ಹುಟ್ಟಿಸುವ ಒಂದಿಷ್ಟು ತಡವೂ ಮೊತ್ತಕ್ಕೆ ಸೇರುತ್ತದೆ. ಅದನ್ನು ಲೆಕ್ಕದಿಂದ ಕಳೆಯಬೇಕು. ಯಾವ ಕ್ಯಾಮೆರಾದಲ್ಲೂ ಚಿತ್ರ ತೆಗೆದ ಮೇಲೆ ಹೀಗೆ ಕಳೆಯುವ ಲೆಕ್ಕ ಇರುವುದಿಲ್ಲ.

ಸಿದ್ಧಾಂತಿಗಳು ಲೆಕ್ಕ ಹಾಕಿದರು. ನಿಯಾನಿನ ಹತ್ತು ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಸೇರಿಸಿ, ಬೇರೆಬೇರೆ ವಿಧಾನಗಳಿಂದ, ಹಲವು ದೇಶಗಳಲ್ಲಿ ಲೆಕ್ಕ ಹಾಕಿದರು. ಉತ್ತರಗಳು 21ರ ಅರ್ಧದ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ನಿಂತವು. ಏಳು ವರ್ಷ ಈ ಬಿರುಕು ಮುಚ್ಚಲಿಲ್ಲ. ಆ ದಿನಗಳ ಹಲವು ಬರಹಗಳಲ್ಲಿ ತಪ್ಪು ಸಿದ್ಧಾಂತದ್ದೇ ಇರಬೇಕು ಎಂಬ ಧ್ವನಿ ಕೇಳುತ್ತಿತ್ತು. ಪ್ರಯೋಗ ಹೇಳಿದ್ದು ಸತ್ಯ, ಲೆಕ್ಕ ಅದಕ್ಕೆ ತಲೆಬಾಗಬೇಕು ಎಂದು ನಾವು ತರಗತಿಯಲ್ಲಿ ಕಲಿಸುವ ಸರಳ ನಿಯಮವೂ ಅದೇ ತಾನೇ?

2017ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಲುಯಿಲಿಯೆ ತಂಡ ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿತು. ಒಂಟಿ ಚೂಪು ಮಿಡಿತವೇ ಬೇಕೆಂಬ ಹಟವನ್ನು ಬಿಟ್ಟು, ಮಿಡಿತಗಳ ಸರಣಿಯನ್ನು ಬಳಸಿತು. ಸರಣಿಯೆಂದರೆ ರೋಹಿತದಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್ ಅಂತರದಲ್ಲಿ ನಿಂತ ಕಿರಿದಾದ ಹಾರ್ಮಾನಿಕ್ ರೇಖೆಗಳು. ಒಂದು ಹಾರ್ಮಾನಿಕ್ ಹೊರಹಾಕಿದ ಎಲೆಕ್ಟ್ರಾನು ಒಂದು ಅವಕೆಂಪು ಫೋಟಾನನ್ನು ಹೀರಿದರೂ, ಅದರ ಮೇಲಿನ ಹಾರ್ಮಾನಿಕ್ ಹೊರಹಾಕಿದ್ದು ಒಂದನ್ನು ಬಿಟ್ಟುಕೊಟ್ಟರೂ ತಲುಪುವುದು ನಡುವಿನ ಒಂದೇ ಶಕ್ತಿಗೆ. ಒಂದೇ ಜಾಗಕ್ಕೆ ಎರಡು ದಾರಿ, ಆದ್ದರಿಂದ ವ್ಯತಿಕರಣ. ಲೇಸರನ್ನು ಹಿಂದೆಮುಂದೆ ಮಾಡಿದಾಗ ಆ ನಡುವಿನ ರೇಖೆ ಏರಿಳಿಯುತ್ತದೆ. ಏರಿಳಿತದ ಪ್ರಾವಸ್ಥೆಯಲ್ಲಿ ತಡ ಅಡಗಿರುತ್ತದೆ. ಯಂಗ್‌ನ ಜೋಡಿ ಸೀಳಿನ ಪ್ರಯೋಗವನ್ನು ಪಾಠ ಮಾಡಿದ ಅಧ್ಯಾಪಕರಿಗೆ ಇದು ಪರಿಚಿತ ಮುಖವೇ. ಕ್ಯಾಮೆರಾದ ಬದಲು ಸೀಳುಗಳ ಉಪಮೆಯನ್ನು ಹಿಡಿದಿದ್ದರೆ ಮಕ್ಕಳಿಗೆ ಸತ್ಯದ ಹತ್ತಿರದ ಚಿತ್ರ ಸಿಗುತ್ತಿತ್ತು.

ಕಿರಿದಾದ ರೇಖೆಗಳಿಂದ ಲುಂಡ್ ತಂಡಕ್ಕೆ ಒಂದು ಹೊಸ ಸಂಗತಿ ಕಂಡಿತು. 2ಎಸ್ ಎಲೆಕ್ಟ್ರಾನುಗಳ ಶಿಖರದ ಪಕ್ಕದಲ್ಲಿ, ಸುಮಾರು 7 ಎಲೆಕ್ಟ್ರಾನ್ ವೋಲ್ಟ್ ಕೆಳಗೆ, ಇನ್ನೊಂದು ಚಿಕ್ಕ ಶಿಖರವಿದೆ. ಒಂದು 2ಪಿ ಎಲೆಕ್ಟ್ರಾನ್ ಹೊರಡುವಾಗ ಇನ್ನೊಂದು 2ಪಿ ಎಲೆಕ್ಟ್ರಾನನ್ನು 3ಪಿ ಮಟ್ಟಕ್ಕೆ ಎತ್ತಿಬಿಡುವ ಘಟನೆ ಅದು. ಆ ವಲಯದವರು ಶೇಕ್-ಅಪ್ ಎನ್ನುತ್ತಾರೆ. ಎತ್ತಲು ಶಕ್ತಿ ಖರ್ಚಾದ್ದರಿಂದ ಹೊರಟ ಎಲೆಕ್ಟ್ರಾನು ನಿಧಾನದ್ದಾಗಿ 2ಎಸ್‌ನ ನೆರೆಗೆ ಬಂದು ನಿಲ್ಲುತ್ತದೆ. ಇದನ್ನು ಬೇರ್ಪಡಿಸಿ ಅಳೆದಾಗ 2ಎಸ್ ಮತ್ತು 2ಪಿಗಳ ನಡುವಿನ ತಡ ಸಿದ್ಧಾಂತದ ಲೆಕ್ಕಕ್ಕೆ ಹೊಂದಿತು. 2010ರ ಅಳತೆಯಲ್ಲಿ ಈ ನೆರೆಯವನೂ 2ಎಸ್ ಎಂದೇ ಎಣಿಕೆಗೆ ಸಿಕ್ಕಿರಬೇಕು ಎಂಬುದು ಲುಂಡ್ ತಂಡದ ವಾದ.

ಏಕೆ ಸಿಕ್ಕಿತು ಎಂಬುದೇ ಇಡೀ ವಿಷಯದ ತಿರುಳು. ಬೆಳಕಿನ ಮಿಡಿತ ಮೊಟಕಾದಷ್ಟೂ ಅದರ ಶಕ್ತಿ ಹರಡುತ್ತದೆ. ಗಂಟೆಯಾಕಾರದ ಮಿಡಿತಕ್ಕೆ ಅವಧಿ ಮತ್ತು ಶಕ್ತಿಯ ಹರವುಗಳ ಗುಣಲಬ್ಧ 1.8 ಎಲೆಕ್ಟ್ರಾನ್ ವೋಲ್ಟ್-ಫೆಮ್ಟೊಸೆಕೆಂಡಿಗಿಂತ ಕಡಿಮೆಯಾಗದು. 200 ಆಟೊಸೆಕೆಂಡ್ ಮಿಡಿತಕ್ಕೆ ಹರವು ಕನಿಷ್ಠ 9 ಎಲೆಕ್ಟ್ರಾನ್ ವೋಲ್ಟ್. 100ಕ್ಕೆ ಇಳಿಸಿದರೆ 18. ಇನ್ನು 7 ಎಲೆಕ್ಟ್ರಾನ್ ವೋಲ್ಟ್ ದೂರದ ನೆರೆಯವನನ್ನು ಬೇರೆ ಎಂದು ಗುರುತಿಸುವುದು ಹೇಗೆ? ಕಿಂಡಿ ಬೇಗ ಮುಚ್ಚಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ ಎಂಬುದು ಕ್ಯಾಮೆರಾದ ನಿಯಮ. ಇಲ್ಲಿ ಬೇಗ ಮುಚ್ಚಿದಷ್ಟೂ ಕಾಲ ಸ್ಪಷ್ಟವಾಯಿತು, ಆದರೆ ಚಿತ್ರದಲ್ಲಿರುವುದು ಯಾರು ಎಂಬುದೇ ಮಸುಕಾಯಿತು. ಕ್ಯಾಮೆರಾದ ಉಪಮೆ ಬರೀ ಅಪೂರ್ಣವಲ್ಲ, ತಿರುಗುಮುರುಗು ಎಂದು ನಾನು ಹೇಳುವುದು ಇದಕ್ಕಾಗಿ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಅನಿಶ್ಚಿತತೆಗೆ ಏನೂ ಆಗಿಲ್ಲ, ಏಳು ವರ್ಷ ತಜ್ಞರನ್ನು ಕಾಡಿದ್ದರ ಹಿಂದೆಯೂ ಅದೇ ಇತ್ತು.

ಪ್ರಸಂಗವಶಾತ್ ಒಂದು ಮಾತು. ಇಂಥ ಲೆಕ್ಕಗಳಿಗೆ ಆಟೊಸೆಕೆಂಡ್ ಲೇಸರ್ ಬೇಕಿಲ್ಲ. ಮದ್ರಾಸಿನ ಐಐಟಿಯಲ್ಲಿ ಪಿ. ಸಿ. ದೇಶಮುಖ್ ಮತ್ತು ಅವರ ಶಿಷ್ಯರು ಪರಮಾಣುಗಳ ಅಯಾನೀಕರಣದಲ್ಲಿನ ಈ ತಡವನ್ನು ಸಾಪೇಕ್ಷತಾ ಪರಿಣಾಮಗಳನ್ನೂ ಸೇರಿಸಿ ಲೆಕ್ಕ ಹಾಕಿದ್ದಾರೆ. ನಿಯಾನಿನ ಕಥೆಯಲ್ಲಿ ಕೊನೆಗೆ ಗೆದ್ದದ್ದು ಲೆಕ್ಕವೇ ಎಂಬುದನ್ನು ಸೈದ್ಧಾಂತಿಕ ಭೌತವಿಜ್ಞಾನಕ್ಕೆ ಹೋಗಲು ಹಿಂಜರಿಯುವ ವಿದ್ಯಾರ್ಥಿಗಳು ನೆನಪಿಡಬಹುದು.

ರೋಹಿತ ಹೇಳದ ಸಂಗತಿ

ಹಾಗಾದರೆ ಅತಿ ವೇಗದ ಲೇಸರ್ ರೋಹಿತಕ್ಕೆ ಏನನ್ನೂ ಸೇರಿಸಲಿಲ್ಲವೇ? ಸೇರಿಸಿದೆ. ಅದಕ್ಕೆ ಒಳ್ಳೆಯ ಸಾಕ್ಷಿ 2010ರದ್ದೇ ಇನ್ನೊಂದು ಪ್ರಯೋಗ. ಎಲೆಫ್ತೀರಿಯೊಸ್ ಗೌಲಿಯೆಲ್ಮಾಕಿಸ್ ಮತ್ತು ಸಂಗಡಿಗರು ಗಾರ್ಕಿಂಗಿನಲ್ಲಿ ಮಾಡಿದ್ದು. ಹೆಸರಿನಲ್ಲಿ ಹೊರಕವಚದ ಎಲೆಕ್ಟ್ರಾನಿನ ಚಲನೆ ಎಂದಿದ್ದರೂ, ಅದನ್ನು ತೋರಿಸಿಕೊಟ್ಟದ್ದು ಒಳಕವಚದ ಎಲೆಕ್ಟ್ರಾನಿನ ಉದ್ರೇಕ.

ಇಲ್ಲಿ ಕೆಲಸ ಅದಲುಬದಲಾಗಿದೆ. ಮೊದಲು ತೀವ್ರವಾದ ಅವಕೆಂಪು ಮಿಡಿತ ಕ್ರಿಪ್ಟಾನಿನ ಹೊರಗಿನ 4ಪಿ ಉಪಕವಚದಿಂದ ಒಂದು ಎಲೆಕ್ಟ್ರಾನನ್ನು ಕೀಳುತ್ತದೆ. ಉಳಿದ ಅಯಾನಿಗೆ ಎರಡು ಸ್ಥಿತಿಗಳು ಸಾಧ್ಯ. ಗಿರಕಿ ಮತ್ತು ಕಕ್ಷೆಗಳ ಜೋಡಣೆಯಿಂದ ಅವುಗಳ ನಡುವೆ 0.67 ಎಲೆಕ್ಟ್ರಾನ್ ವೋಲ್ಟ್ ಅಂತರ. ಆಮೇಲೆ 80 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ, 150 ಆಟೊಸೆಕೆಂಡಿಗಿಂತ ಕಿರಿದಾದ ಮಿಡಿತ ಬಂದು 3ಡಿ ಎಲೆಕ್ಟ್ರಾನನ್ನು ಆ 4ಪಿ ತೆರವಿಗೆ ಎತ್ತುತ್ತದೆ. ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದನ್ನು ರೋಹಿತದರ್ಶಕದಿಂದ ನೋಡುತ್ತಾರೆ.

ರೋಹಿತದಲ್ಲಿ ಎರಡೂ ಸ್ಥಿತಿಗಳ ರೇಖೆಗಳು ಕಾಣುತ್ತವೆ. ಆದರೆ ರೇಖೆಗಳನ್ನಷ್ಟೇ ನೋಡಿದರೆ ಒಂದು ಪ್ರಶ್ನೆಗೆ ಉತ್ತರವಿಲ್ಲ. ಕೆಲವು ಅಯಾನುಗಳು ಒಂದು ಸ್ಥಿತಿಯಲ್ಲೂ ಉಳಿದವು ಇನ್ನೊಂದರಲ್ಲೂ ಇರುವ ಬರೀ ಬೆರಕೆಯೋ, ಅಥವಾ ಪ್ರತಿ ಅಯಾನೂ ಎರಡರ ಅಧ್ಯಾರೋಪಣದಲ್ಲಿದೆಯೋ? ಎರಡು ಸಂದರ್ಭಗಳಲ್ಲೂ ರೇಖೆಗಳ ಜಾಗ ಒಂದೇ. ತಂಬೂರಿಯ ನಡುವಿನ ಎರಡು ಷಡ್ಜದ ತಂತಿಗಳಲ್ಲಿ ಒಂದು ತುಸು ಸಡಿಲಾಗಿದ್ದರೆ, ಒಟ್ಟಿಗೆ ಮೀಟಿದಾಗ ನಾದ ಉಬ್ಬಿ ತಗ್ಗುವ ವಿಸ್ಪಂದ ಕೇಳುತ್ತದೆ. ಒಂದೊಂದೇ ತಂತಿಯನ್ನು ಬೇರೆಬೇರೆ ಕೋಣೆಯಲ್ಲಿ ಮೀಟಿ ಸ್ವರ ಬರೆದುಕೊಂಡರೆ ಕೇಳದು. ಕ್ರಿಪ್ಟಾನಿನಲ್ಲಿ ಎರಡು ಸ್ಥಿತಿಗಳಿಂದಲೂ ತಲುಪಬಹುದಾದ ಒಂದು ಸಮಾನ 3ಡಿ ತೆರವಿನ ಸ್ಥಿತಿಯಿದೆ. ಮತ್ತೆ ಒಂದೇ ಜಾಗಕ್ಕೆ ಎರಡು ದಾರಿ. ಹೀರುವಿಕೆ ಉಬ್ಬಿ ತಗ್ಗಿತು, ಅವಧಿ ಸುಮಾರು 6.2 ಫೆಮ್ಟೊಸೆಕೆಂಡ್. ಪ್ಲಾಂಕ್ ಸ್ಥಿರಾಂಕ 4.136ನ್ನು 0.67ರಿಂದ ಭಾಗಿಸಿದರೆ ಬರುವುದೂ ಅಷ್ಟೇ. ಅವಧಿ ಹೊಸ ಸುದ್ದಿಯಲ್ಲ. ವಿಸ್ಪಂದ ಇತ್ತು ಎಂಬುದೇ ಸುದ್ದಿ. ಅದು ಪೂರ್ಣ ಬಲದ್ದಾಗಿರಲಿಲ್ಲ ಎಂಬುದೂ ಅಷ್ಟೇ ಮುಖ್ಯ: ಅಯಾನುಗಳು ಭಾಗಶಃ ಸುಸಂಬದ್ಧವಾಗಿದ್ದವು, ಭಾಗಶಃ ಬೆರಕೆಯಾಗಿದ್ದವು. ಎಷ್ಟೆಷ್ಟು ಎಂದು ಅಳೆಯಲು ಬಂತು. ರೋಹಿತದ ಅಗಲವನ್ನು ಎಷ್ಟೇ ನಿಖರವಾಗಿ ಅಳೆದರೂ ಇದು ಸಿಗುತ್ತಿರಲಿಲ್ಲ.

ಜಾಣ ಓದುಗರು ಇಲ್ಲಿ ತಡೆಯಬಹುದು: 150 ಆಟೊಸೆಕೆಂಡ್ ಮಿಡಿತದ ಹರವು 12 ಎಲೆಕ್ಟ್ರಾನ್ ವೋಲ್ಟ್ ಇರುವಾಗ 0.67 ಅಂತರದ ರೇಖೆಗಳು ಹೇಗೆ ಬೇರೆಯಾಗಿ ಕಂಡವು? ನಿಯಾನಿನಲ್ಲಿ ಅಳೆದದ್ದು ಹೊರಬಂದ ಎಲೆಕ್ಟ್ರಾನಿನ ಶಕ್ತಿಯನ್ನು. ಅದರೊಳಗೆ ಮಿಡಿತದ ಹರವು ಸೇರಿಹೋಗಿತ್ತು. ಇಲ್ಲಿ ಅಳೆದದ್ದು ಹಾದುಹೋದ ಬೆಳಕನ್ನು. ಮಿಡಿತ ಯಾವಾಗ ತಟ್ಟಿತು ಎಂಬುದು 150 ಆಟೊಸೆಕೆಂಡಿನೊಳಗೆ ಗೊತ್ತು. ತಟ್ಟಿದ ಮೇಲೆ ಪರಮಾಣು 3ಡಿ ತೆರವಿನ ಏಳೆಂಟು ಫೆಮ್ಟೊಸೆಕೆಂಡ್ ಕಾಲ ಮೊಳಗುತ್ತದೆ, ರೇಖೆ ಕಿರಿದಾಗಿರುವುದು ಆ ಮೊಳಗಿನಿಂದ. ತಟ್ಟಿದ ಕ್ಷಣ ಬೇರೆ, ಮೊಳಗಿದ ಅವಧಿ ಬೇರೆ. ಒಂದೇ ಮಿಡಿತದ ಕಾಲ ಮತ್ತು ಶಕ್ತಿಗಳಿಗೆ ಹೇಳಿದ ನಿಯಮವನ್ನು ಈ ಎರಡಕ್ಕೆ ಹಚ್ಚುವಂತಿಲ್ಲ. ನನ್ನ ಮಟ್ಟಿಗೆ ಇದು ಮೇಲಿನ ಮೂರರಲ್ಲೂ ಅತ್ಯಂತ ಸೊಗಸಾದ ಪ್ರಯೋಗ. ಒಳಕವಚದ ಉದ್ರೇಕವನ್ನು ಅಳತೆಗೋಲಾಗಿ ಬಳಸುವ ದಾರಿಯನ್ನು ಇದು ತೆರೆಯಿತು. ಆದರೂ ಇದರ ವರದಿಗಳ ಜೊತೆ ಬಂದ, ಎಲೆಕ್ಟ್ರಾನ್ ಮೋಡ ಉಬ್ಬಿ ತೆಳುವಾಗುವ ಬಣ್ಣದ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವಾಗ ಒಂದು ಮಾತು ಸೇರಿಸಿ: ಅವು ತೆಗೆದ ಚಿತ್ರಗಳಲ್ಲ. ಅಸಂಖ್ಯಾತ ಅಯಾನುಗಳ ಮೇಲೆ ಮತ್ತೆಮತ್ತೆ ಮಾಡಿದ ಅಳತೆಯ ಸರಾಸರಿಯಿಂದ ಕೆಲವು ಸಂಖ್ಯೆಗಳನ್ನು ಪಡೆದು, ಅವನ್ನು ಕ್ವಾಂಟಮ್ ಸಮೀಕರಣಕ್ಕೆ ಹಾಕಿ ಬಿಡಿಸಿದವು.

ನಿಜವಾದ ಆಳಕ್ಕೆ, ಕೆ-ಕವಚಕ್ಕೆ, ಇಳಿಯಲು ಹಾರ್ಮಾನಿಕ್ ಬೆಳಕಿನ ಬಲ ಸಾಲದು. ಅಲ್ಲಿ ಮುಕ್ತ ಎಲೆಕ್ಟ್ರಾನ್ ಲೇಸರುಗಳು ಬಂದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನದು 2009ರಲ್ಲಿ ಕ್ಷ-ಕಿರಣ ಲೇಸರಾಗಿ ಬೆಳಗಿತು. ಮರುವರ್ಷ ಅದರ ಒಂದೇ ಮಿಡಿತ ನಿಯಾನ್ ಪರಮಾಣುವಿನ ಹತ್ತೂ ಎಲೆಕ್ಟ್ರಾನುಗಳನ್ನು ಒಂದರ ಹಿಂದೊಂದು ಕಿತ್ತುಹಾಕಿದ್ದನ್ನು ಲಿಂಡಾ ಯಂಗ್ ಮತ್ತು ಸಂಗಡಿಗರು ವರದಿ ಮಾಡಿದರು. 2021ರಲ್ಲಿ ಅಲ್ಲೇ ನಿಯಾನಿನ ಕೆ-ತೆರವಿನ ಓಜೆ ಆಯುಸ್ಸನ್ನು ನೇರವಾಗಿ ಅಳೆದರು: 2.2 ಫೆಮ್ಟೊಸೆಕೆಂಡ್. ರೇಖೆಯ ಅಗಲ ಸುಮಾರು 0.27 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ ಹಳೆಯ ದಾರಿಯಲ್ಲಿ 2.4 ಬರುತ್ತದೆ. ಮತ್ತೆ ಗಡಿಯಾರದ ಪರೀಕ್ಷೆ, ಮತ್ತೆ ಪಾಸು.

2024ರಲ್ಲಿ ಅದೇ ಯಂತ್ರದಿಂದ ಇನ್ನೊಂದು ವರದಿ ಬಂತು. ನೈಟ್ರಿಕ್ ಆಕ್ಸೈಡ್ ಅಣುವಿನಲ್ಲಿ ಆಕ್ಸಿಜನ್ನಿನ ಕೆ-ಕವಚದಿಂದ ಹೊರಡುವ ಎಲೆಕ್ಟ್ರಾನಿಗೆ, ಹೊಸ್ತಿಲಿನ ಹತ್ತಿರದ ಶಕ್ತಿಗಳಲ್ಲಿ, 700 ಆಟೊಸೆಕೆಂಡಿನವರೆಗೂ ತಡವಾಗುತ್ತದೆ ಎಂದು. ನಿಯಾನಿನ 21ರ ಮುಂದೆ ಇದು ಬಹಳ ದೊಡ್ಡ ಸಂಖ್ಯೆ, ಆದ್ದರಿಂದ ತಲೆಬರಹಗಳೂ ದೊಡ್ಡವೇ. ಇದನ್ನು ತರಗತಿಗೆ ಒಯ್ಯುವ ಅಧ್ಯಾಪಕರು ನಿಯಾನಿನ ಪ್ರಶ್ನೆಗಳನ್ನೇ ಇದಕ್ಕೂ ಹಾಕಬಹುದು. ತಡ ಯಾವುದಕ್ಕೆ ಹೋಲಿಸಿ? ಅಳತೆಯ ಲೇಸರು ತಾನೇ ಸೇರಿಸಿದ ಪಾಲೆಷ್ಟು? ಹೊರಬಂದ ಎಲೆಕ್ಟ್ರಾನುಗಳಲ್ಲಿ ಬೇರೆಯವು ಬೆರೆತಿಲ್ಲವೆಂದು ಹೇಳಲು ಶಕ್ತಿಯ ಅಳತೆ ಎಷ್ಟು ಸೂಕ್ಷ್ಮವಾಗಿತ್ತು?